ಒಳಾಂಗಣ ನಡಿಗೆ, ಐದು ಹೆಜ್ಜೆ

ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ಇನ್ನೂ ನಡೆಯುತ್ತಿಲ್ಲ. ಇದೇ ನನ್ನ ಚಿಂತೆ ಎಂದು ನೀವು ತಿಳಿದುಕೊಂಡರೆ ನಿಮಗೆ ನನ್ನ ಪರಿಚಯ ಸಾಲದು. ನಡೆಯದ ಮಗುವಿನ ಬಗ್ಗೆ ಯಾವ ತಾಯಿ ಬೇಕಾದರೂ ಚಿಂತಿಸಬಲ್ಲಳು. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು: ಮಗು ನಡೆಯುತ್ತಿಲ್ಲವಲ್ಲಾ ಎಂದು ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟು ಬೇರೆ ಯಾರಿಗೂ ಚಿಂತೆಯೇ ಇರಲಿಲ್ಲ!

ಮೊದಲು ಇತ್ತು. ನವೆಂಬರ್ ಮೂರನೇ ವಾರದವರೆಗೂ ಅತ್ತೆ ದಿನಕ್ಕೆರಡು ಸಲ ಪುಟ್ಟಿಯ ಕಾಲು ನೀವಿ, "ನಿಮ್ಮಪ್ಪ ಹನ್ನೊಂದನೇ ತಿಂಗಳಿಗೆ ಗೇಟು ದಾಟಿ ಓಡಿದ್ದ, ನಿಂಗೇನೇ ಬಂತು?" ಎಂದು ಗದರುತ್ತಿದ್ದರು. ಇವರು, "ಇನ್ನೂ ಫಾರ್ಮ್‌ಗೆ ಬಂದಿಲ್ಲ ಅಷ್ಟೇ, ಬರ್ತಾಳೆ ಬಿಡಿ" ಎಂದು ಗಡ್ಡ ಕೆರೆದುಕೊಳ್ಳುತ್ತಿದ್ದರು. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಇಬ್ಬರೂ ನಿಶ್ಚಿಂತರಾಗಿಬಿಟ್ಟರು. ಮೂರು ಜನರ ಮನೆಯಲ್ಲಿ ಇಬ್ಬರು ಒಂದೇ ದಿನ ನಿಶ್ಚಿಂತರಾದರೆ ಮೂರನೆಯವಳು ಬಾಗಿಲಿಗೆ ಬೀಗ ಹಾಕಿ ಮನೆಯನ್ನು ಜಾಲಾಡುವುದೇ ಕ್ಷೇಮ. (ನಾಲ್ಕನೆಯವಳು ನಮ್ಮ ಪುಟ್ಟಿ. ಅವಳನ್ನು ನಾನು ಯಾವ ಪಕ್ಷಕ್ಕೂ ಸೇರಿಸಿರಲಿಲ್ಲ. ಅದೂ ತಪ್ಪಾಯಿತು, ಮುಂದೆ ಹೇಳುತ್ತೇನೆ.)

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಜನರನ್ನು ಕುರ್ಚಿಯಲ್ಲಿ ಕೂರಿಸಿ, "ಈಗ ಕಾಣಿಸುತ್ತಾ? ಈಗ? ಮೊದಲನೇದು ಚೆನ್ನಾಗಿತ್ತಾ, ಎರಡನೇದಾ?" ಎಂದು ಕೇಳುವುದೇ ನನ್ನ ಕಸುಬು. ಹೀಗೆ ಊರಿನವರ ಕಣ್ಣು ನೋಡುವಷ್ಟರಲ್ಲಿ ನನ್ನ ಕಣ್ಣಿಗೆ ಎಷ್ಟೋ ತಪ್ಪಿಹೋದವು. ಪುಟ್ಟಿಯ ಮೊದಲ ಹಲ್ಲು ಕಂಡವರು ಅತ್ತೆ. ಅವಳ ಮೊದಲ ಮಾತು ಕೇಳಿದವನು ಗ್ಯಾಸ್ ಸಿಲಿಂಡರ್ ತಂದವನು. ಆದ್ದರಿಂದ ನಾನು ಮನೆಯಲ್ಲಿ ಒಂದು ರಾಜಾಜ್ಞೆ ಹೊರಡಿಸಿದ್ದೆ: "ಹಲ್ಲು ನಿಮ್ಮದು, ಮಾತು ಸಿಲಿಂಡರಿನವನದು. ಮೊದಲ ಹೆಜ್ಜೆ ಮಾತ್ರ ನಂದು. ಅದು ನನ್ನ ಕಣ್ಣೆದುರಿಗೇ ಆಗ್ಬೇಕು. ತಪ್ಪಿತೋ, ನಾನು ಜನ್ಮದಲ್ಲಿ ಯಾರನ್ನೂ ಕ್ಷಮಿಸೋಳಲ್ಲ."

ಹಾಲಿನ ಗೋಡೆಯ ಮೇಲೆ ಒಂದು ಚಾರ್ಟ್ ಕೂಡ ಅಂಟಿಸಿದ್ದೆ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು, ಅಂಬೆಗಾಲು, ನಡಿಗೆ. ಒಂದೊಂದರ ಮುಂದೆಯೂ ತಾರೀಖು. ಕೊನೆಯ ಸಾಲಿನ ಮುಂದೆ ಮಾತ್ರ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ, ಅದೂ ಕೆಂಪು ಶಾಯಿಯಲ್ಲಿ.

ಇನ್ನು ಸಾಕ್ಷ್ಯಗಳಿಗೆ ಬರೋಣ.

ಒಂದು ಸಂಜೆ ನಾನು ಚಪ್ಪಲಿ ಬಿಡುತ್ತಿರುವಾಗಲೇ ಒಳಗಿಂದ ಚಪ್ಪಾಳೆ ಕೇಳಿಸಿತು. ಬಾಗಿಲು ತಳ್ಳಿದರೆ ಚಪ್ಪಾಳೆ ನಿಂತಿತು. ಅತ್ತೆ ಪುಟ್ಟಿಯನ್ನು ಗಬಕ್ಕನೆ ಎತ್ತಿ ಸೊಂಟಕ್ಕೇರಿಸಿಕೊಂಡರು. ಅತ್ತೆಗೆ ಮಂಡಿನೋವು, ಬಿದ್ದ ಚಮಚ ಎತ್ತಿಕೊಡಲು ಮೂರು ಸಲ ಕೂಗುವವರು. ಅಂಥವರು ಹತ್ತು ಕಿಲೋ ಮಗುವನ್ನು ಭಾರ ಎತ್ತುವ ಸ್ಪರ್ಧಿಯ ಹಾಗೆ ಒಂದೇ ಎತ್ತಿಗೆ ಎತ್ತಿದರೆ ಸಂಶಯ ಬರಬೇಕೋ ಬೇಡವೋ?

"ಯಾಕತ್ತೆ ಚಪ್ಪಾಳೆ?"

"ಸೊಳ್ಳೆ ಕಣಮ್ಮಾ."

"ಅಷ್ಟೊಂದು ಸೊಳ್ಳೆನಾ?"

"ಒಂದೇ. ಸಿಗ್ಲಿಲ್ಲ."

ಎರಡನೆಯ ಸಾಕ್ಷ್ಯ, ಕಾಲುಚೀಲ. ಮಗುವಿನ ಕಾಲುಚೀಲ ಒಗೆಯುವಾಗ ನೋಡುತ್ತೇನೆ, ಅಂಗಾಲಿನ ಭಾಗ ಕಪ್ಪಗಾಗಿದೆ! ಅಂಬೆಗಾಲಿಡುವ ಮಗುವಿಗೆ ಕೊಳೆಯಾಗಬೇಕಾದದ್ದು ಹೆಬ್ಬೆರಳ ಮೇಲ್ಗಡೆ, ಮಂಡಿ. ಅಂಗಾಲು ನೆಲಕ್ಕೆ ತಾಗದೆ ಕೊಳೆಯಾಗುವುದು ಹೇಗೆ?

ಮೂರನೆಯದು ಇನ್ನೂ ಗಂಭೀರ. ಇವರು ಆಫೀಸಿನಿಂದ ಬಂದು ಬ್ಯಾಗು ಇಡುವ ಮೊದಲೇ, "ಇವತ್ತೆಷ್ಟಮ್ಮಾ?" ಎಂದು ಅತ್ತೆಯನ್ನು ಕೇಳುತ್ತಿದ್ದರು.

"ಹನ್ನೊಂದು."

"ಏನು ಹನ್ನೊಂದು?" ನಾನು ಅಡುಗೆಮನೆಯಿಂದ ಕತ್ತು ಚಾಚಿದೆ.

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬಟ್ಟೆ ಕ್ಲಿಪ್ಪು," ಎಂದರು ಅತ್ತೆ. "ಎಣಿಸಿಡು ಅಂದಿದ್ದ."

ಮಾರನೆಯ ದಿನ ಹದಿನಾಲ್ಕು. ಅದರ ಮಾರನೆಯ ದಿನ ಹದಿನೇಳು. ನಮ್ಮ ಬಟ್ಟೆ ಕ್ಲಿಪ್ಪುಗಳು ಮರಿ ಹಾಕುತ್ತಿದ್ದವೇ? ನಾನು ಬಾಲ್ಕನಿಗೆ ಹೋಗಿ ಎಣಿಸಿದೆ. ಆರಿದ್ದವು, ಅದರಲ್ಲಿ ಒಂದು ಮುರಿದದ್ದು.

ಇಷ್ಟೆಲ್ಲ ಕಂಡ ಮೇಲೆ ನನಗೆ ನಿಜಾಂಶ ಹೊಳೆಯಿತು. ವಾಕರ್! ಚಕ್ರದ ವಾಕರಿನಲ್ಲಿ ಮಗುವನ್ನು ಕೂರಿಸಕೂಡದು ಎಂದು ಮಕ್ಕಳ ಡಾಕ್ಟರು ನನ್ನೆದುರಿಗೇ ಹೇಳಿದ್ದರು. ಅತ್ತೆ ಅವರೆದುರಿಗೇ ಮೂತಿ ತಿರುಗಿಸಿದ್ದರು. ನಾನಿಲ್ಲದಾಗ ಎದುರುಮನೆ ಆಂಟಿಯ ಮೊಮ್ಮಗನ ವಾಕರ್ ಎರವಲು ತಂದು, ಪುಟ್ಟಿಯನ್ನು ಅದರಲ್ಲಿ ಕೂರಿಸಿ, ಹಾಲಿನಲ್ಲಿ ಹನ್ನೊಂದು, ಹದಿನಾಲ್ಕು, ಹದಿನೇಳು ಸುತ್ತು ಹೊಡೆಸುತ್ತಿದ್ದಾರೆ. ಮಗ ಅದಕ್ಕೆ ಕುಮ್ಮಕ್ಕು. ಮಗು ನಿಜವಾಗಿ ನಡೆದುಬಿಟ್ಟಿರಬಹುದು ಎಂಬ ಯೋಚನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಬಂದ ದಾರಿಯಲ್ಲೇ ಹೋಯಿತು. ಏಕೆಂದರೆ ನಮ್ಮ ಅತ್ತೆಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಮೊದಲ ಹಲ್ಲು ಬಂದ ದಿನ ನಾನು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಮೂಲೆಯ ಇಸ್ತ್ರಿ ಅಂಗಡಿಯವರು, "ಕೆಳಗಡೆ ಹಲ್ಲಂತಲ್ಲಾ ಮೇಡಂ!" ಎಂದಿದ್ದರು.

ವಾಕರಿಗಾಗಿ ನಾನು ಮಂಚದಡಿ ನೋಡಿದೆ. ಅಟ್ಟ ಹತ್ತಿದೆ. ಕೊನೆಗೆ ಸಕ್ಕರೆ ಕೇಳುವ ನೆಪದಲ್ಲಿ ಎದುರುಮನೆಗೂ ಹೋದೆ. ವಾಕರ್ ಅಲ್ಲೇ ಮೂಲೆಯಲ್ಲಿ, ಮೈತುಂಬ ಹಳೇ ಪೇಪರು ಹೊತ್ತು ನಿಂತಿತ್ತು. ಅಲುಗಿದ ಗುರುತೂ ಇರಲಿಲ್ಲ. ಆಂಟಿ ಸಕ್ಕರೆ ಕೊಡುತ್ತಾ, "ನಿಮ್ಮ ಪುಟ್ಟಿ ಈಗ..." ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡು, "ದಪ್ಪ ಆಗಿದ್ದಾಳೆ" ಎಂದು ಮುಗಿಸಿದರು. ಸಂಚು ಎದುರುಮನೆಯವರೆಗೂ ಹಬ್ಬಿತ್ತು!

ಈಗ ನನ್ನ ಗಂಡನ ಕೆಲಸದ ವಿಷಯ ಹೇಳಬೇಕು. ಇವರು ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಉಪಸಂಪಾದಕರು. ವರ್ಷಪೂರ್ತಿ ಊರೂರಿನ ಆಟಗಾರರು ಓಡಿ, ಈಜಿ, ಜಿಗಿದು ಸುಸ್ತಾಗುತ್ತಾರೆ. ಡಿಸೆಂಬರಿನಲ್ಲಿ ಇವರು ಸುಸ್ತಾಗುತ್ತಾರೆ. ಇಡೀ ಜಗತ್ತಿನ ಒಂದು ವರ್ಷದ ಸೋಲು, ಗೆಲುವು, ದಾಖಲೆ, ನಿವೃತ್ತಿ ಎಲ್ಲವನ್ನೂ ಒಂದೇ ಪುಟದಲ್ಲಿ, ಆರು ಕಾಲಮ್ಮಿನಲ್ಲಿ ಹಿಡಿಸುವ 'ಮೈದಾನದಲ್ಲಿ ಈ ವರ್ಷ' ಎಂಬ ಪುಟ ಇವರದು. ಪುರವಣಿಯಾದ್ದರಿಂದ ವರ್ಷ ಮುಗಿಯುವ ಮುಂಚೆಯೇ ಅಚ್ಚಿಗೆ ಹೋಗುತ್ತದೆ. (ಡಿಸೆಂಬರಿನ ಕೊನೆಯ ವಾರ ದಾಖಲೆ ಮುರಿಯುವ ದುರದೃಷ್ಟವಂತರಿಗೆ ನಮ್ಮ ಪತ್ರಿಕೆಯಲ್ಲಿ ಜಾಗವಿಲ್ಲ.)

ಅಲ್ಲಿ ಒಂದು ಪದ್ಧತಿಯಿದೆ. ಪುಟ ಕಟ್ಟುವಾಗ ಇನ್ನೂ ಮುಗಿಯದ ಪಂದ್ಯಗಳ ಜಾಗವನ್ನು ಖಾಲಿ ಬಿಡುವಂತಿಲ್ಲ. ಅಷ್ಟೇ ಸಾಲಿನ ಏನಾದರೊಂದು ಬರೆದು ತುಂಬಿಸಿಡುತ್ತಾರೆ. ಅದಕ್ಕೆ ಡಮ್ಮಿ ಎನ್ನುತ್ತಾರೆ. ಫಲಿತಾಂಶ ಬಂದ ಮೇಲೆ ಡಮ್ಮಿ ತೆಗೆದು ಅಸಲಿ ಹಾಕುವುದು. ಬೇರೆಯವರು "ಇಲ್ಲಿ ನಾಲ್ಕು ಸಾಲು, ಇಲ್ಲಿ ನಾಲ್ಕು ಸಾಲು" ಎಂದೇ ತುಂಬಿಸುತ್ತಾರಂತೆ. ಇವರಿಗೆ ಕೈ ಸುಮ್ಮನಿರುವುದಿಲ್ಲ. ಹೋದ ವರ್ಷ ಟೆನಿಸ್ ಫೈನಲ್ಲಿನ ಜಾಗದಲ್ಲಿ ನಮ್ಮ ಮನೆಯ ಮಿಕ್ಸಿ ಕೆಟ್ಟ ಸುದ್ದಿಯನ್ನು 'ನೇರ ಸೆಟ್‌ಗಳ ಸೋಲು' ಎಂದು ಬರೆದಿದ್ದರು.

ಪ್ರತಿ ವರ್ಷವೂ ಆ ಪುಟದ ಕರಡು ಮನೆಗೆ ಬರುತ್ತಿತ್ತು, ತಪ್ಪು ಹುಡುಕಲು ನನ್ನ ಕೈಗೆ. ತಪ್ಪು ಹುಡುಕುವುದರಲ್ಲಿ ನನಗಿರುವ ಪ್ರತಿಭೆಯನ್ನು ಇವರು ಮದುವೆಯಾದ ವಾರದಲ್ಲೇ ಗುರುತಿಸಿದ್ದರು. ಒಂದು ವರ್ಷ ಇವರು ಒಬ್ಬಳಿಂದ ಮ್ಯಾರಥಾನನ್ನು ಎರಡು ನಿಮಿಷ ಹದಿನೆಂಟು ಗಂಟೆಯಲ್ಲಿ ಓಡಿಸಿದ್ದನ್ನು ಹಿಡಿದವಳು ನಾನೇ. ಇನ್ನೊಂದು ವರ್ಷ ಚೆಸ್ ಆಟಗಾರನೊಬ್ಬ ಮೊಣಕಾಲಿನ ಗಾಯದಿಂದ ಮೈದಾನ ಬಿಟ್ಟು ಹೊರನಡೆದಿದ್ದ.

ಈ ವರ್ಷ ನಾನೇ ಕೇಳಿದೆ. "ರೀ, ಪುಟ ಎಲ್ಲಿ?"

"ಬೇಡ ಬಿಡೇ, ಪಾಪ ನಿಂಗೆ ಯಾಕೆ ತೊಂದ್ರೆ? ಕಣ್ಣು ನೋಡಿ ನೋಡಿ ಸುಸ್ತಾಗಿರ್ತೀಯ."

ಆರು ವರ್ಷದ ಸಂಸಾರದಲ್ಲಿ "ಪಾಪ" ಎಂಬ ಪದ ಇವರ ಬಾಯಿಂದ ನನ್ನ ಪರವಾಗಿ ಬಂದದ್ದು ಅದೇ ಮೊದಲು.

ಅದಾದ ಎರಡನೆಯ ದಿನ, ಡಿಸೆಂಬರ್ ಹದಿನೆಂಟು, ಗುರುವಾರ. ಆ ದಿನ ನಾನು ಅಂಗಡಿಗೆ ರಜೆ ಹಾಕಿದ್ದೆ. ಇವರು ಒಂದು ಗಂಟೆಗೆ ಅವಸರದಲ್ಲಿ ಬಸ್ಸಿಗೆ ಓಡಿದರು, ಫೋನು ಸೋಫಾದ ಮೇಲೇ ಉಳಿಯಿತು. ಆಫೀಸಿಗೆ ಎರಡು ಬಸ್ಸು, ಒಂದೂವರೆ ಗಂಟೆ ದಾರಿ, ಕೆಲವೊಮ್ಮೆ ಎರಡು. ಎರಡಾಗಲು ಐದು ನಿಮಿಷವಿರುವಾಗ ಆ ಫೋನು ಟಿಂಗ್ ಎಂದಿತು.

ಗಂಡನ ಫೋನು ನೋಡುವ ಕೆಟ್ಟ ಬುದ್ಧಿ ನನಗಿಲ್ಲ. ಫೋನು ತಾನಾಗಿ ಟಿಂಗ್ ಎಂದರೆ ಮಾತ್ರ ನೋಡುತ್ತೇನೆ.

"ಸಾರ್, ವರ್ಷದ ಪುಟ ಕಳಿಸಿದ್ದೇನೆ. ಡಮ್ಮಿ ಎಲ್ಲ ತೆಗೆದಾಯ್ತು. ಎರಡೂವರೆಗೆ ಪ್ರೆಸ್ಸಿಗೆ. ಒಮ್ಮೆ ಕಣ್ಣಾಡಿಸಿ." ಕಳಿಸಿದವನು ಪುಟ ವಿನ್ಯಾಸ ಮಾಡುವ ಹೊಸಬ.

ತೆರೆದೆ. ಮೊದಲ ಕಾಲಮ್ಮು ಚೆನ್ನಾಗಿತ್ತು. ನೂರು ಮೀಟರ್ ಓಟದಲ್ಲಿ ಯಾರೋ ಸೆಕೆಂಡಿನ ನೂರನೇ ಒಂದು ಭಾಗ ಉಳಿಸಿದ್ದ. (ಉಳಿಸಿ ಏನು ಮಾಡಿದನೋ.) ನಲವತ್ತು ವರ್ಷಗಳ ಮೇಲೆ ಕಪ್ ಗೆದ್ದ ಫುಟ್‌ಬಾಲ್ ತಂಡ, ಇಬ್ಬರು ಮಕ್ಕಳ ತಾಯಿಯಾದ ಮೇಲೆ ಮರಳಿ ಬಂದು ಚಿನ್ನ ಹೊಡೆದ ಈಜುಗಾರ್ತಿ, ಏಳು ವರ್ಷ ಸೋಲದೆ ಈ ವರ್ಷ ಸೋತು ಅತ್ತ ಕುಸ್ತಿಪಟು. ಒಂದು ಅಕ್ಷರ ತಪ್ಪಿಲ್ಲ. ಐದನೆಯ ಕಾಲಮ್ಮಿನ ಕೆಳಗೆ, ಜಿಗಿತ ಮತ್ತು ಸೈಕ್ಲಿಂಗ್ ನಡುವೆ, ಇದು ಇತ್ತು:

"ಒಳಾಂಗಣ ನಡಿಗೆ: ನವೆಂಬರ್ 23, ಭಾನುವಾರ ಬೆಳಿಗ್ಗೆ 10.40. ಹದಿಮೂರು ತಿಂಗಳ ಸ್ಪರ್ಧಿ ಸೋಫಾದಿಂದ ಟೀಪಾಯಿವರೆಗೆ ಯಾರ ನೆರವೂ ಇಲ್ಲದೆ ಐದು ಹೆಜ್ಜೆ ನಡೆದು ವೈಯಕ್ತಿಕ ದಾಖಲೆ ಸ್ಥಾಪಿಸಿದರು. ಗಾಳಿಯ ವೇಗ: ಫ್ಯಾನು ಎರಡರಲ್ಲಿತ್ತು. ಪ್ರೇಕ್ಷಕರು: ಇಬ್ಬರು. ಮುಖ್ಯ ತರಬೇತುದಾರರು ಮೈದಾನದಲ್ಲೇ ಇದ್ದರೂ, ಗೋಡೆಯ ಕಡೆ ತಿರುಗಿ ಚಾರ್ಟಿನಲ್ಲಿ 'ನಡಿಗೆ'ಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬರೆಯುತ್ತಿದ್ದ ಕಾರಣ ಸ್ಪರ್ಧೆ ವೀಕ್ಷಿಸಲಿಲ್ಲ."

ನಾನು ಎರಡು ಸಲ ಓದಿದೆ. ಮೂರನೆಯ ಸಲ ಓದಲು ಕನ್ನಡಕ ಒರೆಸಿಕೊಂಡೆ. ಆ ಹೊಸಬ ಡಮ್ಮಿಗಳನ್ನೆಲ್ಲ ತೆಗೆದಿದ್ದ. ತಾರೀಖು, ಗಳಿಗೆ, ಗಾಳಿಯ ವೇಗ ಎಲ್ಲ ಇದ್ದದ್ದರಿಂದ ಇದನ್ನು ಮಾತ್ರ ಅಸಲಿ ಎಂದು ಬಿಟ್ಟಿದ್ದ!

"ಅತ್ತೇ!"

ಅತ್ತೆ ಪುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡೇ ಬಂದರು. ನಾನು ಗಟ್ಟಿಯಾಗಿ ಓದಿದೆ. 'ಫ್ಯಾನು ಎರಡರಲ್ಲಿತ್ತು' ಎನ್ನುವಲ್ಲಿಗೆ ಅವರು ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಮೂರರಲ್ಲಿತ್ತು," ಎಂದರು.

"ಅತ್ತೆ! ನಾನು ಅಲ್ಲೇ ಇದ್ದೆನಾ?"

"ಇದ್ದೆ ಕಣಮ್ಮಾ. ಇಲ್ಲೇ, ಮಾರು ದೂರದಲ್ಲಿ. ಮಗು ನಿನ್ನ ಹಿಂದಿಂದಾನೇ ಟೀಪಾಯಿಗೆ ಹೋಯ್ತು. ನಾವಿಬ್ರೂ ಉಸಿರು ಬಿಡ್ಲಿಲ್ಲ, ಎಲ್ಲಿ ಬೀಳುತ್ತೋ ಅಂತ. ನೀನು ತಿರುಗೋ ಹೊತ್ತಿಗೆ ಅದು ಕೂತಾಗಿತ್ತು. ನೀನು ತಿರುಗಿದೋಳೇ ಏನಂದೆ ಗೊತ್ತಾ? 'ಇದಕ್ಕೆ ನಡೆಯೋ ಲಕ್ಷಣಾನೇ ಕಾಣ್ತಿಲ್ಲ' ಅಂದೆ."

"ಆಗಲೇ ಹೇಳ್ಬೇಕಿತ್ತು!"

"ಯಾರು ಹೇಳ್ಬೇಕು? ಜನ್ಮದಲ್ಲಿ ಕ್ಷಮಿಸಲ್ಲ ಅಂದೋಳಿಗೆ? 'ಅಮ್ಮಾ ನೀನು ಹೇಳು' ಅಂತ ಅವ್ನು, 'ನಿನ್ನ ಹೆಂಡ್ತಿ, ನೀನೇ ಹೇಳು' ಅಂತ ನಾನು. ಕೊನೆಗೆ ಅವ್ನೇ ಅಂದ, ಹೇಳೋದೇ ಬೇಡ, ಇವತ್ತೋ ನಾಳೆಯೋ ಅವಳೆದುರಿಗೆ ನಡೆಯುತ್ತೆ, ಅದೇ ಮೊದಲ್ನೇದು ಅಂದ್ಕೊಳ್ಲಿ ಅಂತ. ಅವಳ ಸಂತೋಷಕ್ಕೆ ಒಂದು ಸುಳ್ಳು. ಎದುರುಮನೆಯವರಿಗೂ ಕೈ ಮುಗಿದು ಹೇಳಿದ್ದೀನಿ. ಇಪ್ಪತ್ತೈದು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೀನಿ ಕಣೇ! ನನ್ನ ಹೊಟ್ಟೆ ಉಬ್ಬಿಹೋಗಿದೆ!"

"ಹಾಗಿದ್ರೆ ನನ್ನೆದುರಿಗೆ ಯಾಕೆ ನಡೀಲಿಲ್ಲ ಇವಳು?"

"ನೀನು ಕೆಳಗೆ ಬಿಟ್ಟರೆ ತಾನೇ! ಬಂದ ತಕ್ಷಣ ಎತ್ಕೋತೀಯ. ಭಾನುವಾರ ಕೆಳಗೆ ಬಿಟ್ಟೆಯಾ, ಮುಂದೆ ಕುಕ್ಕರುಗಾಲಲ್ಲಿ ಕೂತು, 'ಬಾ ಬಾ, ಕಾಲೆತ್ತು, ಮಂಡಿ ನೆಟ್ಟಗೆ, ಹುಷಾರು, ಬಿದ್ದೆ ಬಿದ್ದೆ' ಅಂತ ಕೂಗ್ತೀಯ. ಅದು ಹೆದರಿ ಕೂತ್ಬಿಡುತ್ತೆ. ದೊಡ್ಡೋರೇ ಕೂತ್ಬಿಡ್ತಾರೆ."

ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಇಪ್ಪತ್ತೈದು ದಿನ! ಚಪ್ಪಾಳೆ, ಕಾಲುಚೀಲ, ಹನ್ನೊಂದು, ಹದಿನಾಲ್ಕು, ಹದಿನೇಳು... ಊರಿನವರ ಕಣ್ಣಿಗೆಲ್ಲ ಗಾಜು ಬದಲಿಸಿ ಬದಲಿಸಿ "ಈಗ ಕಾಣಿಸುತ್ತಾ?" ಎಂದು ಕೇಳಿದವಳು ನಾನು.

"ಅಳಬೇಡ್ವೇ," ಅತ್ತೆಯ ದನಿ ಇಳಿಯಿತು. "ಒಂದು ಕೆಲಸ ಮಾಡು. ಆ ಗೋಡೆಗೆ ಒರಗಿ ಕೂತ್ಕೋ. ಕೈ ಎರಡೂ ತೊಡೆ ಕೆಳಗೆ ಇಟ್ಕೋ. ಬಾಯಿ... ಬಾಯಿಗೇನು ಮಾಡ್ತೀಯೋ ನೀನೇ ನೋಡ್ಕೋ."

ಕೂತೆ. ಕೈ ತೊಡೆಯ ಕೆಳಗೆ. ಸೆರಗಿನ ತುದಿ ಬಾಯೊಳಗೆ. ಅತ್ತೆ ಪುಟ್ಟಿಯನ್ನು ಸೋಫಾದ ಪಕ್ಕ ಇಳಿಸಿ ದೂರ ಸರಿದರು. ಪುಟ್ಟಿ ಸೋಫಾ ಹಿಡಿದು ನಿಂತಳು. ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಏನೂ ಕೂಗದೆ ಕೂತದ್ದು ಅವಳಿಗೆ ವಿಚಿತ್ರವೆನಿಸಿರಬೇಕು. ಏನಾಗಿದೆ ಇವಳಿಗೆ ಎಂದು ವಿಚಾರಿಸಲು ಹೊರಟವಳ ಹಾಗೆ, ಸೋಫಾ ಬಿಟ್ಟು, ಎರಡೂ ಕೈ ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿಕೊಂಡು ಬಂದಳು. ಒಂದು ಕಡೆ ವಾಲಿದಳು. ನನ್ನ ಕೈ ತೊಡೆಯ ಕೆಳಗಿಂದ ಅರ್ಧ ಹೊರಬಂದಿತ್ತು, ಅತ್ತೆ ಕಣ್ಣು ಬಿಟ್ಟರು, ಒಳಗೆ ತಳ್ಳಿಕೊಂಡೆ. ಅವಳು ತಾನೇ ಸರಿಯಾಗಿ ನಿಂತಳು. ಮತ್ತೆ ಬಂದಳು. ಬಂದು ನನ್ನ ಕನ್ನಡಕ ಕಿತ್ತುಕೊಂಡು, ಮೂಗಿಗೆ ಒಂದು ಏಟು ಕೊಟ್ಟು, ಮಡಿಲಲ್ಲಿ ಕುಸಿದಳು. ಎಷ್ಟು ಹೆಜ್ಜೆಯೋ, ನನಗೆ ಎಣಿಸಲು ತೋಚಲಿಲ್ಲ.

"ಇಪ್ಪತ್ತೆರಡು," ಎಂದರು ಅತ್ತೆ, ಮೂಗೊರೆಸಿಕೊಳ್ಳುತ್ತಾ. "ಇವತ್ತು ಜಾಸ್ತಿ."

ಐದು ನಿಮಿಷ ನಾನು ಆ ಮಗುವನ್ನು ಬಿಡಲಿಲ್ಲ. ಆಮೇಲೆ ಗಡಿಯಾರ ಕಣ್ಣಿಗೆ ಬಿತ್ತು. ಎರಡೂ ಇಪ್ಪತ್ತೆರಡು! ಇನ್ನು ಎಂಟು ನಿಮಿಷಕ್ಕೆ ಆ ಪುಟ ಅಚ್ಚಿಗೆ ಹೋಗುತ್ತದೆ. ಮಗಳ ಮೊದಲ ಹೆಜ್ಜೆಗೆ ಬೆನ್ನು ಹಾಕಿ ನಿಂತ ತಾಯಿಯ ವೃತ್ತಾಂತವನ್ನು ಇಡೀ ಊರು ತಿಂಡಿ ತಿನ್ನುತ್ತಾ ಓದುತ್ತದೆ. ಇವರ ಕೆಲಸವೂ ಹೋಗುತ್ತದೆ. ಇವರೋ, ಯಾವುದೋ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತಿದ್ದಾರೆ.

ಪುಟ ಕಳಿಸಿದ ಹೊಸಬ ಫೋನೆತ್ತಲಿಲ್ಲ. ಇನ್ನು ಇವರ ಫೋನಿನಿಂದಲೇ ಕ್ರೀಡಾ ವಿಭಾಗದ ಮುಖ್ಯಸ್ಥರಿಗೆ ಮಾಡುವುದೊಂದೇ ದಾರಿ. ಮಾಡಿದರೆ ಅವರಿಗೆ ಗೊತ್ತಾಗುತ್ತದೆ. ಮಾಡದಿದ್ದರೆ ಊರಿಗೇ ಗೊತ್ತಾಗುತ್ತದೆ. ಎರಡು ಸಲ ಒತ್ತಿ ಎರಡು ಸಲ ಕಟ್ ಮಾಡಿದೆ. ಅತ್ತೆ, "ಒತ್ತೇ! ಅವನ ಅನ್ನ ಹೋಗುತ್ತೆ!" ಎಂದು ತಿವಿದರು. ಒತ್ತಿದೆ.

"ಹಲೋ, ಎಲ್ಲಿದ್ದೀಯಪ್ಪಾ?" ದೊಡ್ಡ ಗಂಟಲು.

"ಸಾರ್, ಮನೆಯಿಂದ... ಫೋನು ಇಲ್ಲೇ ಉಳಿದುಹೋಗಿದೆ. ವರ್ಷದ ಪುಟ, ಐದನೇ ಕಾಲಮ್ಮು, ಕೆಳಗಡೆ ನಡಿಗೆ ಅಂತ..." ಅತ್ತು ಅತ್ತು ನನ್ನ ದನಿ ಎಪ್ಪತ್ತು ವರ್ಷದವರ ದನಿಯಾಗಿತ್ತು.

ಅತ್ತ ಕಡೆ ಕೀಲಿಮಣೆಯ ಟಕಟಕ. "ಅಯ್ಯಯ್ಯೋ! ಇದಿನ್ನೂ ಇಲ್ಲೇ ಇದೆಯಾ? ಏಯ್, ನಿಲ್ಸಿ ಆ ಪುಟಾನ! ಸೈಕ್ಲಿಂಗ್ ಮೇಲೆ ತಗೊಳ್ಳಿ! ಬಂತು, ಬಂತು, ತೆಗೆದಾಯ್ತು. ದೊಡ್ಡ ಉಪಕಾರ ಮಾಡಿದ್ರಿ ಅಮ್ಮಾ. ಮಂಡಿನೋವು ಹೇಗಿದೆ ಈಗ?"

ನಾನು ತಡವರಿಸಿದೆ. ಮುಖ್ಯಸ್ಥರು ನನ್ನನ್ನು ನಮ್ಮ ಅತ್ತೆ ಎಂದುಕೊಂಡಿದ್ದಾರೆ! ಅಲ್ಲ, ಆ ಬೆನ್ನು ಹಾಕಿ ನಿಂತವಳೇ ನಾನು ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

"ಪರವಾಗಿಲ್ಲಪ್ಪಾ," ಎಂದೆ.

"ನಿಮ್ಮ ಸೊಸೆಗೆ ಇನ್ನೂ ಗೊತ್ತಾಗಿಲ್ಲ ತಾನೇ?"

"...ಯಾಕಪ್ಪಾ?"

"ನಿಮ್ಮ ಮಗ ಹೇಳಿಲ್ವಾ? ಕಣ್ಣೆದುರಿಗಿರೋದನ್ನ ಅವರು ಎಷ್ಟು ದಿನ ನೋಡದೆ ಇರ್ತಾರೆ ಅಂತ ಇಲ್ಲಿ ಬೋರ್ಡ್ ಮೇಲೆ ದಿನಾ ಬರೀತಿದ್ದೀವಿ. ಇವತ್ತಿಗೆ ಇಪ್ಪತ್ತೈದನೇ ದಿನ, ಅಜೇಯ! ನಮ್ಮ ವಿಭಾಗದ ದಾಖಲೆ ಇರೋದು ಹಳೇ ಸಂಪಾದಕರ ಹೆಸರಲ್ಲಿ. ಅವರ ಹೆಂಡತಿ ಮನೆಗೆಲ್ಲ ಹಸಿರು ಬಣ್ಣ ಹೊಡೆಸಿ ಇಪ್ಪತ್ತಾರು ದಿನ ಆದ್ರೂ ಅವರು ನೋಡಿರ್ಲಿಲ್ಲ. ಹನ್ನೆರಡು ವರ್ಷದಿಂದ ಯಾರೂ ಮುಟ್ಟಿಲ್ಲ ಅದನ್ನ. ನಾಳೆಗೆ ನಿಮ್ಮ ಸೊಸೆ ಸರಿಗಟ್ತಾರೆ, ನಾಡಿದ್ದಿಗೆ ಮುರೀತಾರೆ. ಇಡೀ ಡೆಸ್ಕು ಉಸಿರು ಹಿಡ್ಕೊಂಡು ಕೂತಿದೆ ಅಮ್ಮಾ!"

ನನ್ನ ಮೈ ಉರಿಯಿತು. ಆ ಬೋರ್ಡನ್ನು ಒರೆಸಿ, ಮಾತಾಡ್ತಿರೋಳು ಅವಳೇ, ಎಂದು ಅಬ್ಬರಿಸಲು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಒಂದು ಲೆಕ್ಕ ಅಡ್ಡ ಬಂತು. ಇಪ್ಪತ್ತೈದು. ಇನ್ನೊಂದು ದಿನವಾದರೆ ಸಮ, ಎರಡು ದಿನವಾದರೆ ದಾಖಲೆ. ನಾನು ಶಾಲೆಯಲ್ಲಿ ಚಮಚ-ನಿಂಬೆಹಣ್ಣಿನ ಓಟದಲ್ಲೂ ಎರಡನೆಯವಳಾದವಳು. ಇಷ್ಟು ದೂರ ಬಂದು, ಹಸಿರು ಬಣ್ಣದ ಮನುಷ್ಯನೊಬ್ಬನಿಗೆ ಸೋಲುವುದೇ?

"ಇನ್ನೆರಡು ದಿನ ಗುಟ್ಟು ಬಿಟ್ಕೊಡಬೇಡಿ ಅಮ್ಮಾ," ಎಂದರು ಅವರು. "ಆಗುತ್ತಾ?"

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಅತ್ತೆಯದೇ ಧಾಟಿಯಲ್ಲಿ ಹೇಳಿದೆ:

"ಅಯ್ಯೋ, ನೀವು ನಿಶ್ಚಿಂತೆಯಿಂದ ಇರಿ. ಅವಳಿಗೆಲ್ಲಿ ಗೊತ್ತಾಗುತ್ತೆ!"